ಹಾಲಿನಜ್ಜಿಯ ಸೀರೆ

ನಮ್ಮ ಬೀಡಿಯ ಮಳೆಗಾಲವನ್ನು ಕಂಡವರಿಗೆ ಕ್ಯಾಮೆರಾ ಸಾಕುವ ಕಷ್ಟವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಖಾನಾಪುರ ತಾಲೂಕಿನ ಪಶ್ಚಿಮದ ಕಾಡುಗಳಲ್ಲಿ ಬೀಳುವಷ್ಟು ಮಳೆ ನಮ್ಮೂರಿಗೆ ಬಾರದಿದ್ದರೂ, ಆ ನಾಲ್ಕು ತಿಂಗಳ ತೇವಕ್ಕೆ ಪುಸ್ತಕದ ರಟ್ಟು, ಚರ್ಮದ ಚಪ್ಪಲಿ, ಮಸೂರದ ಗಾಜು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಮೊನ್ನೆ ಒಳ್ಳೆಯ ಬಿಸಿಲು ಬಿದ್ದ ದಿನ ಕಪಾಟಿನಲ್ಲಿದ್ದುದನ್ನೆಲ್ಲ ಅಂಗಳದಲ್ಲಿ ಹರವಿದೆ. ಹಳೆಯ ಆಗ್ಫಾ ಕ್ಲಿಕ್ ತ್ರೀ, ಅದಕ್ಕಿಂತ ಈಚಿನ ಪೋಲರಾಯ್ಡ್, ಎರಡು ಡಬ್ಬಿ ತುಂಬ ನೆಗೆಟಿವ್‌ಗಳು. ಅವುಗಳ ನಡುವೆ ಬಿಳಿಯ ಅಂಚಿನ ಒಂದು ಚೌಕ ಚಿತ್ರ ಸಿಕ್ಕಿತು. ಬಣ್ಣ ಮಾಸಿ ಹಳದಿಗೆ ತಿರುಗಿದೆ. ತಲೆಯ ಮೇಲೆ ಹಾಲಿನ ಕೊಡ ಹೊತ್ತ ಮುದುಕಿಯೊಬ್ಬಳು ನಮ್ಮ ಮನೆಯ ಹೊಸ್ತಿಲ ಮುಂದೆ ನಿಂತಿದ್ದಾಳೆ. ಆಕೆಗೆ ನಾನು ಒಂದು ಹಾಳೆಯ ಸಾಲಗಾರ. ಆ ಸಾಲದ ಕತೆಯನ್ನು ಈ ಹೊತ್ತು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿದೆ.

ನಾನು ಈ ಊರಿನಲ್ಲಿ ಮಾಸ್ತರನಾಗಿದ್ದ ಕಾಲದಲ್ಲಿ ಫೋಟೋ ಎಂದರೆ ಖಾನಾಪುರಕ್ಕೋ ಬೆಳಗಾವಿಗೋ ಬಸ್ಸು ಹತ್ತುವ ಕೆಲಸ. ಸ್ಟುಡಿಯೋದಲ್ಲಿ ಸರೋವರ, ಹಂಸ, ಮೆಟ್ಟಿಲುಗಳನ್ನು ಬರೆದ ಪರದೆ. ಮೂಲೆಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಗೂಟಕ್ಕೆ ತೂಗುಹಾಕಿದ ಒಂದು ಕೋಟು, ಒಂದು ಟೈ. ಅವು ಯಾರಿಗೆ ಬೇಕಾದರೂ ಒದಗುವಂಥವು. ಹೊಲದಿಂದ ಬಂದ ತರುಣ ಆ ಕೋಟು ತೊಟ್ಟು, ನಡೆಯದ ಕೈಗಡಿಯಾರ ಕಾಣುವಂತೆ ಮುಂಗೈಯನ್ನು ಮುಂದೆ ಮಾಡಿ ಕೂಡುತ್ತಿದ್ದ. ನಾಲ್ಕು ಪುಸ್ತಕ ಓದಿ ಛಾಯಾಗ್ರಹಣದ ರುಚಿ ಹತ್ತಿಸಿಕೊಂಡಿದ್ದ ನನಗೆ ಇದೆಲ್ಲ ನಗೆಪಾಟಲಾಗಿ ತೋರುತ್ತಿತ್ತು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ, ಸಹಜತೆಯೇ ಸತ್ಯ, ಉಳಿದದ್ದೆಲ್ಲ ವೇಷ ಎಂದು ತೀರ್ಮಾನಿಸಿಬಿಟ್ಟಿದ್ದೆ. ಸತ್ಯನ್ ಅವರ ಚಿತ್ರಗಳಲ್ಲಿರುವ ಜನರ ಮೇಲಿನ ಅಕ್ಕರೆ ಮಾತ್ರ ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

1983ರ ಬೇಸಿಗೆಯಲ್ಲಿ ಕೊಲ್ಲಿ ದೇಶದಲ್ಲಿ ನೌಕರಿಯಲ್ಲಿದ್ದ ನನ್ನ ಸೋದರಳಿಯ ರಜೆಗೆ ಬಂದವನು ಈ ಪೋಲರಾಯ್ಡ್ ಕ್ಯಾಮೆರಾವನ್ನು ತಂದುಕೊಟ್ಟ. ಇದರ ಹುಟ್ಟಿನ ಕತೆ ಸೊಗಸಾಗಿದೆ. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ರಜೆಯಲ್ಲಿ ತನ್ನ ಪುಟ್ಟ ಮಗಳ ಫೋಟೋ ತೆಗೆದಾಗ, ಅದನ್ನು ಈಗಲೇ ಏಕೆ ನೋಡಲಾಗದು ಎಂದು ಮಗು ಕೇಳಿತಂತೆ. ಆ ಪ್ರಶ್ನೆಗೆ ಉತ್ತರವಾಗಿ ಲ್ಯಾಂಡ್ 1947ರಲ್ಲಿ ತತ್‌ಕ್ಷಣದ ಚಿತ್ರವನ್ನು ಜಗತ್ತಿಗೆ ತೋರಿಸಿದ. ಮರುವರ್ಷ ಅದು ಮಾರುಕಟ್ಟೆಗೆ ಬಂತು. 1972ರ ಎಸ್‌ಎಕ್ಸ್-70 ಕ್ಯಾಮೆರಾದಿಂದ ಮುಂದೆ ಹಾಳೆ ತಾನಾಗಿಯೇ ಹೊರಬಂದು ಬೆಳಕಿನಲ್ಲೇ ಅರಳತೊಡಗಿತು. ಬಿಳಿಯ ಅಂಚಿನ ಅಗಲವಾದ ಭಾಗದಲ್ಲಿ ರಾಸಾಯನಿಕದ ಸಣ್ಣ ಚೀಲವಿರುತ್ತದೆ. ಹಾಳೆ ಹೊರಬರುವಾಗ ಎರಡು ಉರುಳೆಗಳು ಆ ಚೀಲವನ್ನು ಒಡೆದು ರಸವನ್ನು ಸಮನಾಗಿ ಹರಡುತ್ತವೆ. ಕತ್ತಲೆಕೋಣೆ ಬೇಡ, ನೆಗೆಟಿವೂ ಇಲ್ಲ. ನೆಗೆಟಿವ್ ಇಲ್ಲವೆಂದ ಮೇಲೆ ಇನ್ನೊಂದು ಪ್ರತಿಯೂ ಇಲ್ಲ. ಇರುವುದು ಒಂದೇ, ಒಂದೋ ನೀವು ಇಟ್ಟುಕೊಳ್ಳಬೇಕು, ಇಲ್ಲವೇ ಅವರಿಗೆ ಕೊಡಬೇಕು. ಈ ಮಾತು ಎಷ್ಟು ಭಾರದ್ದೆಂದು ಅಂದು ನನಗೆ ತಿಳಿದಿರಲಿಲ್ಲ.

ಅಳಿಯ ತಂದದ್ದು ಎರಡು ಪೊಟ್ಟಣ, ಒಂದೊಂದರಲ್ಲಿ ಹತ್ತು ಹಾಳೆ. ನಮ್ಮ ಕಡೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಅದರ ಹೆಸರನ್ನೇ ಕೇಳಿದವರಿರಲಿಲ್ಲ. ಹದಿನೆಂಟು ಹಾಳೆಗಳು ಮನೆಯವರಿಗೆ, ನೆಂಟರಿಗೆ, ಶಾಲೆಯ ಮಕ್ಕಳಿಗೆ ಹೋದವು. ಹತ್ತೊಂಬತ್ತನೆಯದನ್ನು ನಿಜವಾದ ಕಲೆಗೆ ಮೀಸಲಿಡಬೇಕೆಂದು ನಾನು ಹೊಂಚುಹಾಕಿದ್ದೆ. ಒಂದು ಮುಂಜಾನೆ ಹಾಲಿನಜ್ಜಿ ಹೊಸ್ತಿಲಲ್ಲಿ ನಿಂತಾಗ ಓರೆಬಿಸಿಲು ಆಕೆಯ ಮುಖದ ಸುಕ್ಕುಗಳ ಮೇಲೆ ಬಿದ್ದಿತ್ತು. ಹೆಗಲ ಮೇಲೆ ತೇಪೆ ಹಾಕಿದ ಸೀರೆ, ತಲೆಯ ಮೇಲೆ ಕೊಡ. ಕ್ಯಾಮೆರಾ ಕಂಡೊಡನೆ ಆಕೆಯ ಮುಖ ಅರಳಿತು. "ತಡೀರಿ ಮಾಸ್ತರ, ಮನೀಗಿ ಹೋಗಿ ಛಲೋ ಸೀರಿ ಉಟ್ಕೊಂಡ ಬರ್ತೇನಿ" ಎಂದಳು.

ನಾನು ಒಪ್ಪಲಿಲ್ಲ. ಬೆಳಕು ಹೋಗಿಬಿಡುತ್ತದೆ, ಇದ್ದಹಾಗೆಯೇ ಚೆನ್ನ ಎಂದು ಹೇಳಿ ಗುಂಡಿ ಒತ್ತಿದೆ. ಹಾಳೆ ಕಿರ್ರೆಂದು ಹೊರಬಂತು. ಬೂದುಬಣ್ಣದ ಮಂಜಿನೊಳಗಿಂದ ಮೊದಲು ಕೊಡ, ಆಮೇಲೆ ಸೀರೆ, ಕೊನೆಗೆ ಮುಖ ಮೂಡಿದವು. ಅಜ್ಜಿ ಅದನ್ನು ದೂರ ಹಿಡಿದು ನೋಡಿ, "ಇದು ಹಾಲ ಮಾರಾಕಿ ಫೋಟೋ ಆತ್ರಿ ಮಾಸ್ತರ, ನಂದೆಲ್ಲೈತಿ?" ಎಂದಳು. ನಾನು ನಕ್ಕೆ. ಇನ್ನೊಂದು ತೆಗೆಯಿರೆಂದು ಆಕೆ ಕೇಳಿದಳು. ಒಂದೇ ಹಾಳೆ ಉಳಿದಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಬರಲಿದ್ದ ಅತಿಥಿಗಳಿಗಾಗಿ ನಾನದನ್ನು ಕಾದಿರಿಸಿದ್ದೆ. "ಮುಂದಿನ ಸಲ, ಅಜ್ಜಿ" ಎಂದೆ. ತೆಗೆದ ಚಿತ್ರವನ್ನೂ ಆಕೆಗೆ ಕೊಡದೆ, ಕಲಾಕೃತಿಯೆಂದು ನಾನೇ ಇಟ್ಟುಕೊಂಡೆ. ಅತಿಥಿಗಳು ಬಂದರು, ಚಿತ್ರ ತೆಗೆದುಕೊಟ್ಟೆ. ಸಮಾರಂಭ ಮುಗಿದ ಮೇಲೆ ಅವರು ಶಾಲು, ಹಾರ, ತೆಂಗಿನಕಾಯಿಗಳನ್ನು ಒಯ್ದರು. ಚಿತ್ರವನ್ನು ಮೇಜಿನ ಮೇಲೆಯೇ ಮರೆತುಹೋದರು.

ಹಾಳೆ ಮುಗಿದ ಮೇಲೆ ಆ ಕ್ಯಾಮೆರಾ ಗುಂಡಿ ಒತ್ತಿದರೆ ಸದ್ದನ್ನೂ ಮಾಡುವುದಿಲ್ಲ. ಏಕೆಂದರೆ ಅದರ ಬ್ಯಾಟರಿ ಇರುವುದೇ ಹಾಳೆಯ ಪೊಟ್ಟಣದೊಳಗೆ. ಅಳಿಯ ಮತ್ತೆ ತರುತ್ತೇನೆಂದ, ತರಲಿಲ್ಲ. ಎರಡು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಳು. ಮೂರನೆಯ ದಿನ ಆಕೆಯ ಮಗ ಬಂದು ಬಾಗಿಲಲ್ಲಿ ನಿಂತ. "ನಮ್ಮವ್ವಂದು ಒಂದ ಫೋಟೋ ನಿಮ್ಮ ಕಡೆ ಐತಂತಲ್ರಿ ಮಾಸ್ತರ. ಸಾಯೂಮಟಾ ಹೇಳ್ತಿದ್ದಳ್ರಿ" ಎಂದ. ಎಪ್ಪತ್ತು ವರ್ಷ ಬದುಕಿದ ಆ ಜೀವಕ್ಕೆ ಇದ್ದುದು ಅದೊಂದೇ ಚಿತ್ರ.

ಅವನು ಅದನ್ನು ಸ್ಟುಡಿಯೋಕ್ಕೆ ಒಯ್ದ. ಅಲ್ಲಿ ಅದರ ಚಿತ್ರ ತೆಗೆದು, ಹಿಗ್ಗಿಸಿ, ಕುಂಚದಿಂದ ತಿದ್ದಿ ಬಣ್ಣ ತುಂಬಿಕೊಟ್ಟರು. ಹದಿಮೂರನೆಯ ದಿನ ಅವರ ಮನೆಗೆ ಹೋದಾಗ ಗೋಡೆಯ ಮೇಲಿನ ಅಜ್ಜಿಯನ್ನು ಕಂಡು ನಾನು ಬೆರಗಾದೆ. ಕೊಡ ಮಾಯವಾಗಿತ್ತು. ತೇಪೆಯ ಸೀರೆಯ ಜಾಗದಲ್ಲಿ ಇಳಕಲ್ಲಿನ ಸೀರೆ, ತೋಪು ತೆನೆಯ ಕೆಂಪು ಸೆರಗು. ಹಿಂದೆ ತಿಳಿನೀಲಿ ಆಕಾಶ. ಸಾಲಾಗಿ ಬಂದ ನೆರೆಹೊರೆಯ ಹೆಂಗಸರು ಅದನ್ನು ನೋಡಿ, "ಥೇಟ್ ಅಜ್ಜೀನ" ಎಂದು ಕಣ್ಣೊರೆಸಿಕೊಂಡರು. ನನ್ನ ಕಲಾಕೃತಿಯನ್ನು ಮಗ ಹಿಂದಿರುಗಿಸಿದ. ಅವನಿಗೆ ಅದರ ಅಗತ್ಯವಿರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿದೆ: ಚಿತ್ರದಲ್ಲಿ ಯಾರ ಇಚ್ಛೆ ನಡೆಯುತ್ತದೆ? ಸ್ಟುಡಿಯೋದಲ್ಲಿ ಕೂತವನೇ ದುಡ್ಡು ಕೊಡುತ್ತಾನೆ. ಆದ್ದರಿಂದ ಕೋಟು, ಗಡಿಯಾರ, ಹಂಸಗಳೆಲ್ಲ ಅವನ ಇಚ್ಛೆಯಂತೆ. ಫ್ಯಾಷನ್ ಚಿತ್ರದಲ್ಲಿ ಬಟ್ಟೆ ಮಾರುವವನು ದುಡ್ಡು ಕೊಡುತ್ತಾನೆ. ಅಲ್ಲಿ ಸುಂದರವಾದ ಮುಖವೂ ಒಂದು ಗೂಟವೇ. ನನ್ನಂಥ ಹವ್ಯಾಸಿಯ ಚಿತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗಾಗಿ ಅಲ್ಲಿ ನಡೆಯುವುದು ತೆಗೆಯುವವನ ದರ್ಬಾರು.

ಇರ್ವಿಂಗ್ ಪೆನ್ ಎಂಬ ಹೆಸರಾಂತ ಫ್ಯಾಷನ್ ಛಾಯಾಗ್ರಾಹಕ 1948ರಲ್ಲಿ 'ವೋಗ್' ಪತ್ರಿಕೆಯ ಕೆಲಸಕ್ಕೆಂದು ಪೆರು ದೇಶಕ್ಕೆ ಹೋಗಿದ್ದ. ಕ್ರಿಸ್‌ಮಸ್ ಸಮಯದಲ್ಲಿ ಕುಸ್ಕೊ ಎಂಬ ಬೆಟ್ಟದೂರಿನ ಸ್ಟುಡಿಯೋ ಒಂದನ್ನು ಬಾಡಿಗೆಗೆ ಹಿಡಿದು, ಹಬ್ಬದ ಫೋಟೋಕ್ಕೆಂದು ದುಡ್ಡು ಹಿಡಿದು ಬಂದ ಹಳ್ಳಿಗರಿಗೆ ತಾನೇ ದುಡ್ಡು ಕೊಟ್ಟು ಚಿತ್ರ ತೆಗೆದ. ಆ ಚಿತ್ರಗಳು ಅದ್ಭುತವಾಗಿವೆ. ಅವುಗಳ ಗಾಂಭೀರ್ಯವನ್ನು ಮೆಚ್ಚದವರಿಲ್ಲ. ಆದರೂ ದುಡ್ಡು ಕೈಬದಲಿಸಿದ ಆ ಗಳಿಗೆಯಲ್ಲೇ ಇಚ್ಛೆಯೂ ಕೈಬದಲಿಸಿತಲ್ಲವೇ ಎಂದು ನನಗೆ ತೋರುತ್ತದೆ. ಮನೆಯ ಗೋಡೆಗೆಂದು ಬಂದ ಮುಖಗಳು ನ್ಯೂಯಾರ್ಕಿನ ಪತ್ರಿಕೆಯ ಪುಟ ಸೇರಿದವು. ಪೆನ್ ಕಡೇಪಕ್ಷ ದುಡ್ಡನ್ನಾದರೂ ಕೊಟ್ಟ. ನಾನು ಅಜ್ಜಿಗೆ ಕೊಟ್ಟದ್ದು ಒಂದು ಮಾತು, ಅದನ್ನೂ ಉಳಿಸಿಕೊಳ್ಳಲಿಲ್ಲ.

ವೇಷ ಸುಳ್ಳು ಎಂದು ಈಗ ನಾನು ಹೇಳಲಾರೆ. ನಮ್ಮದೇ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಡಾಗೇರನ ಛಾಯಾಚಿತ್ರದ ವಿದ್ಯೆ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಅಂದರೆ ಇಬ್ಬರ ಫೋಟೋವೂ ಇರಲು ಸಾಧ್ಯವೇ ಇಲ್ಲ. ನಮ್ಮ ಶಾಲೆಗಳ ಗೋಡೆಯ ಮೇಲಿರುವ ಮೀಸೆ, ಖಡ್ಗ, ಕಿರೀಟಗಳೆಲ್ಲ ಕಲಾವಿದರ ಕಲ್ಪನೆ. ಜನ ತಾವು ಪ್ರೀತಿಸಿದವರಿಗೆ ಸಲ್ಲಬೇಕಾದ ಉಡುಪನ್ನು ತೊಡಿಸಿ ನೋಡುತ್ತಾರೆ. ಖಾನಾಪುರದ ಆ ತಿದ್ದುಗಾರ ಅಜ್ಜಿಗೆ ಮಾಡಿದ್ದೂ ಅದನ್ನೇ; ನಾನು ತಪ್ಪಿಸಿದ ಸೀರೆಯನ್ನು ಅವನು ಉಡಿಸಿದ.

ಪೋಲರಾಯ್ಡ್ ಕಂಪನಿ 2008ರಲ್ಲಿ ಹಾಳೆ ತಯಾರಿಕೆ ನಿಲ್ಲಿಸುವುದಾಗಿ ಸಾರಿದಾಗ, ಆ ಸಾಲ ತೀರಿಸುವ ದಾರಿ ಇನ್ನು ಮುಚ್ಚಿತೆಂದು ಏಕೋ ಕಳವಳವಾಯಿತು. ಆದರೆ ನೆದರ್‌ಲ್ಯಾಂಡ್ಸ್‌ನ ಕಾರ್ಖಾನೆಯೊಂದನ್ನು ಕೆಲವು ಹಳೆಯ ನೌಕರರೂ ಅಭಿಮಾನಿಗಳೂ ಸೇರಿ ಉಳಿಸಿಕೊಂಡು, 2010ರಿಂದ ಮತ್ತೆ ಹಾಳೆ ಮಾಡತೊಡಗಿದರು. ಈಗ ಪೊಟ್ಟಣಕ್ಕೆ ಹತ್ತಲ್ಲ, ಎಂಟು. ಬೆಲೆ ಪಿಂಚಣಿದಾರನಿಗೆ ಎಟುಕುವಂಥದ್ದಲ್ಲ. ಮೊಮ್ಮಗಳು ಫ್ಯೂಜಿಯ ಪುಟ್ಟ ಇನ್‌ಸ್ಟ್ಯಾಕ್ಸ್ ಕ್ಯಾಮೆರಾ ಕೊಡಿಸಿದ್ದಾಳೆ. ಅದಕ್ಕೆ ನಾನೇ ಎರಡು ನಿಯಮ ಮಾಡಿಕೊಂಡಿದ್ದೇನೆ: ಉಡುಪು ಅವರಿಷ್ಟ, ಚಿತ್ರ ಅವರದು.

ಮೊನ್ನೆ ಸಂಜೆ ಪಕ್ಕದ ಓಣಿಯ ಮುದುಕಿಯೊಬ್ಬಳು ಫೋಟೋ ಎಂದೊಡನೆ, ಸೀರೆ ಬದಲಿಸಿ ಬರುತ್ತೇನೆಂದು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತೆ. ಒಳ್ಳೆಯ ಬೆಳಕಿತ್ತು. ಟ್ರಂಕು ತೆರೆದ ಸದ್ದು, ಸೊಸೆಯನ್ನು ಕೂಗಿದ ಸದ್ದು, ಯಾವುದೋ ಕುಪ್ಪಸ ಸಿಗದೆ ಮಾಡಿದ ಗದ್ದಲ ಎಲ್ಲ ಕೇಳಿಸುತ್ತಿತ್ತು. ಮುಕ್ಕಾಲು ತಾಸು ಕಳೆಯಿತು, ಬಿಸಿಲು ಮಾಳಿಗೆ ದಾಟಿ ಹೋಯಿತು. ಚಿತ್ರದಲ್ಲಿ ಫ್ಲ್ಯಾಷ್ ಬಿದ್ದು ಹಿನ್ನೆಲೆಯೆಲ್ಲ ಕಪ್ಪಾಯಿತು, ಮುಖ ತುಸು ಬೆಳ್ಳಗಾಯಿತು. ಆಕೆ ಅದನ್ನು ಸೆರಗಿನಲ್ಲಿ ಒರೆಸಿ, ನೋಡಿ, ಮತ್ತೊಮ್ಮೆ ನೋಡಿ, ದೇವರ ಗೂಡಿನಲ್ಲಿ ಇಡಲು ಒಳಗೆ ಒಯ್ದಳು.