ಬೂದಿಯ ಲೆಕ್ಕ

ಆಗಸ್ಟ್ 4, 2024, ಭಾನುವಾರ

ಭೀಮನ ಅಮಾವಾಸ್ಯೆ. ಪೂಜೆ ಮುಗಿಸಿ ಹಿತ್ತಲಿಗೆ ಹೋದರೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಒಲೆಯ ಬಾಯಲ್ಲಿ ಕರಿ ಹೊಗೆ. ಮಳೆಗೆ ನೆನೆದ ಸೌದೆ ಹತ್ತಲೊಲ್ಲದು ಅಂತ ಅತ್ತೆ ಹಾಲಿನ ಕವರ್, ಒಡೆದ ಪಿವಿಸಿ ಪೈಪಿನ ಚೂರು ತುರುಕಿದ್ದರು. ಹೊಗೆಸೊಪ್ಪು ಬೇಯಿಸುವ ಕಾಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ರಾತ್ರಿಯೂ ಒಲೆ ಆರುವುದಿಲ್ಲ. "ಪ್ಲಾಸ್ಟಿಕ್ ಬೇಡ ಅತ್ತೆ" ಎಂದೆ. "ಬೆಂಕಿಗಿಂತ ಮಡಿ ಇನ್ನೊಂದದಾ ಕನವ್ವ? ಬಿದ್ದದ್ದೆಲ್ಲ ಬೂದಿ" ಅಂದರು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಆಗಸ್ಟ್ 6, ಮಂಗಳವಾರ

ಅತ್ತೆಯ ಮಾತಿಗೆ ಉತ್ತರ, ಇಟಲಿಯ ಸೆವೆಸೊ ಊರಿನಲ್ಲಿದೆ. 1976ರ ಜುಲೈ 10ರಂದು ಅಲ್ಲಿ ಕಾರ್ಖಾನೆಯಿಂದ ಎದ್ದ ಮೋಡದಲ್ಲಿ ಡಯಾಕ್ಸಿನ್ ಎಂಬ ವಿಷ ಇತ್ತು. ರಕ್ತದಲ್ಲಿ ಅದನ್ನು ಅಳೆಯುವುದು ಆಗ ಸುಲಭವಿರಲಿಲ್ಲ. ವೈದ್ಯರು ಜನರ ರಕ್ತ ತೆಗೆದು ಘನೀಕರಿಸಿಟ್ಟರು. ಹತ್ತು ವರ್ಷದ ಮೇಲೆ ವಿಧಾನ ಬಂದಾಗ ಅಳೆದರೆ, ವಿಷ ಅಲ್ಲೇ ಇತ್ತು. ಮೈಯೊಳಗೆ ಹೊಕ್ಕ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಬೇಕು.

ಅದನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬರೆ ಉರಿದಾಗ ತಾನಾಗಿ ಹುಟ್ಟುತ್ತದೆ. ಆಸ್ಪತ್ರೆ ಕಸ ಸುಡುವ ಯಂತ್ರದ ಎರಡನೇ ಕೋಣೆಯಲ್ಲಿ ಹೊಗೆ ಸುಮಾರು 1050 ಡಿಗ್ರಿಯಲ್ಲಿ ಎರಡು ಸೆಕೆಂಡ್ ನಿಲ್ಲಬೇಕು. ಅಷ್ಟಾದರೂ ಕ್ಲೋರಿನ್ ಪ್ಲಾಸ್ಟಿಕ್ ಸುಡಕೂಡದು ಎನ್ನುತ್ತದೆ ನಮ್ಮ ದೇಶದ 2016ರ ನಿಯಮ. ನಮ್ಮ ಒಲೆಯಲ್ಲಿ ಹಸಿ ಸೌದೆ ಹೊಗೆಯಾಡುತ್ತ ಕೂತಿದೆ.

ಆಗಸ್ಟ್ 8, ಗುರುವಾರ

ಆ ವಿಷ ಬೂದಿಯಲ್ಲೂ ಉಳಿಯುತ್ತದೆ. ಇವತ್ತು ಬೂದಿಯ ಹಿಂದೆ ನಡೆದೆ. ಒಂದು ಮೊರ ಅವರೆ ಗಿಡಕ್ಕೆ, ಒಂದು ಹಿಡಿ ಪಾತ್ರೆ ಬೆಳಗಲು, ಉಳಿದದ್ದು ತಿಪ್ಪೆಗೆ. ತಿಪ್ಪೆ ಕೆದಕಿದ್ದು ನಾಟಿಕೋಳಿ. ಅದರ ಮೊಟ್ಟೆ ನನ್ನ ಮಗನ ತಟ್ಟೆಗೆ. ಜನರ ಮೈ ಸೇರುವ ಡಯಾಕ್ಸಿನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಹಾರದಿಂದಲೇ: ಹಾಲು, ಮಾಂಸ, ಮೀನು, ಮೊಟ್ಟೆ. ಕೊಬ್ಬಿರುವಲ್ಲಿ ಅದು ತಂಗುತ್ತದೆ. ಮೂಗಿಗೆ ಬಡಿಯುವ ಹೊಗೆಗೆ ಮಾತ್ರ ಹೆದರಿದ್ದೆ. ಊಟದ ದಾರಿ ನೋಡಿರಲಿಲ್ಲ.

ಆಗಸ್ಟ್ 9, ಶುಕ್ರವಾರ

ನಾಗರ ಪಂಚಮಿ. ಹುತ್ತಕ್ಕೆ ಹಾಲೆರೆದು ಬರುವಾಗ ಅತ್ತೆಗೆ ಇಷ್ಟನ್ನೂ ಹೇಳಿದೆ. ಬಾಣಂತನಕ್ಕೆ ಬಂದ ನಾದಿನಿ ಮನೆಯಲ್ಲಿದ್ದಾಳೆ. "ಹಂಗಾದ್ರೆ ಎದೆಹಾಲಲ್ಲೂ ಬತ್ತದಾ?" ಎಂದರು. ಬರುತ್ತದೆ, ಆದರೂ ಮಗುವಿಗೆ ಎದೆಹಾಲೇ ಮೇಲು, ಬಿಡಿಸಬೇಕಾದ್ದು ಪ್ಲಾಸ್ಟಿಕ್ಕನ್ನು ಎಂದೆ. ಅತ್ತೆ ಮನೆ ಬರುವವರೆಗೆ ಮಾತಾಡಲಿಲ್ಲ.

ಆಗಸ್ಟ್ 12, ಸೋಮವಾರ

ಬೆಳಿಗ್ಗೆ ಪಂಚಾಯ್ತಿಯ ಕಸದ ಗಾಡಿ, ಸ್ವಚ್ಛ ವಾಹಿನಿ, ಬಂತು. ಒಲೆ ಪಕ್ಕದಿಂದ ಎರಡು ಚೀಲ ಕವರ್, ಒಂದು ಕಟ್ಟು ಪೈಪಿನ ಚೂರನ್ನು ಅತ್ತೆಯೇ ಎತ್ತಿಕೊಟ್ಟರು. ಸೌದೆ ಒಣಗಲು ಬ್ಯಾರನ್ ಗೋಡೆಗೆ ಒರಗಿಸಿದ್ದೇವೆ. ಇವತ್ತು ಒಲೆ ಹತ್ತಲು ಅರ್ಧ ಗಂಟೆ ತಡವಾಯಿತು.