ಮಟ್ಟಾಂಚೇರಿಯಲ್ಲಿ ಕೇಳಿದ ಪ್ರಶ್ನೆ

ಕಳೆದ ಡಿಸೆಂಬರಿನಲ್ಲಿ ಎಲ್‌ಟಿಸಿ ಪಡೆದು ದೆಹಲಿಯಿಂದ ಕೊಚ್ಚಿಗೆ ಹೋಗಿದ್ದೆವು. ಇಂಗ್ಲಿಷ್ ಎಂ.ಎ. ಓದಿದ ನನಗೆ ಕೊಚ್ಚಿಯೆಂದರೆ ವಾಸ್ಕೋ ಡ ಗಾಮ ಸತ್ತ ಊರು ಎಂಬಷ್ಟೇ ತಿಳಿವಳಿಕೆ. 1524ರಲ್ಲಿ ತೀರಿಕೊಂಡ ಅವನನ್ನು ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿ, ಕೆಲವು ವರ್ಷಗಳ ತರುವಾಯ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಉಳಿದಿರುವುದು ನೆಲದಲ್ಲಿನ ಕಲ್ಲು. ಒಂಬತ್ತನೆಯ ತರಗತಿಯ ನನ್ನ ಮಗಳು ಅದನ್ನು ಕ್ಷಣಕಾಲ ನೋಡಿ, "ಒಳಗೆ ಯಾರೂ ಇಲ್ಲವಲ್ಲಮ್ಮ" ಎಂದು ಹೊರನಡೆದಳು.

ಅವಳನ್ನು ಹಿಡಿದು ನಿಲ್ಲಿಸಿದ್ದು ಮಟ್ಟಾಂಚೇರಿ. ಮೆಣಸು, ಶುಂಠಿಗಳ ಘಾಟು ತುಂಬಿದ ಓಣಿಯ ಕೊನೆಗೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್. ಅರಮನೆಯ ದೇವಸ್ಥಾನ ಅದರ ಮಗ್ಗುಲಲ್ಲೇ ಇದೆ. ಪಾದರಕ್ಷೆ ಕಳಚಿ ಒಳಹೊಕ್ಕರೆ, ಕಾಲಡಿಯಲ್ಲಿ ಚೀನಾದಿಂದ ಬಂದ ನೀಲಿ-ಬಿಳಿ ಹೆಂಚುಗಳು. ಕೊಡುಂಗಲ್ಲೂರನ್ನು ತೊರೆದು ಬಂದ ಯೆಹೂದಿಗಳಿಗೆ ಕೊಚ್ಚಿಯ ಅರಸರು ಆಶ್ರಯವಿತ್ತರು. ಇಸ್ರೇಲ್ ಹುಟ್ಟಿದ ಮೇಲೆ, ಮುಖ್ಯವಾಗಿ 1950ರ ದಶಕದಲ್ಲಿ, ಅವರಲ್ಲಿ ಬಹುತೇಕರು ಅಲ್ಲಿಗೆ ಹೊರಟುಹೋದರು. ಯಾರೂ ಅಟ್ಟಿದ್ದಲ್ಲ, ತಾವಾಗಿಯೇ ಹೋದರು.

ಅಲ್ಲಿನ ಹೆಂಗಸರು ಮದುವೆ, ಹಬ್ಬಗಳಲ್ಲಿ ಮಲಯಾಳಂ ಹಾಡುಗಳನ್ನು ಹಾಡುತ್ತಿದ್ದರೆಂದೂ, ಅವನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಹೋಗುವಾಗ ಜೊತೆಗೊಯ್ದರೆಂದೂ ಓದಿದ್ದೆ. ಅದನ್ನು ಮಗಳಿಗೆ ಹೇಳಿದೆ. ಅವಳು ಕೇಳಿದಳು: "ಅಲ್ಲಿ ಹುಟ್ಟಿದ ಮಕ್ಕಳಿಗೆ ಆ ಪುಸ್ತಕ ಓದಲು ಬರುತ್ತಾ?"

ಉತ್ತರಿಸಲು ನಾಲಗೆ ಏಳಲಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ನನ್ನ ತಾಯಿಯ ಹಾಡಿನ ಪುಸ್ತಕವಿದೆ: ಆರತಿ ಹಾಡು, ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು. ಆಕೆ ತೀರಿಕೊಂಡು ಎರಡು ವರ್ಷವಾದರೂ ನಾನದನ್ನು ಬಿಚ್ಚಿರಲಿಲ್ಲ. ಒಂದು ಬೇಸಿಗೆಯಲ್ಲಿ ಮೊಮ್ಮಗಳಿಗೆ ಅಕ್ಷರಮಾಲೆ ತಿದ್ದಿಸಿದವರೂ ಆಕೆಯೇ. ಮುಂದುವರಿಸಬೇಕಾದವಳು ನಾನು. ವರ್ಗಾವಣೆ, ಪರೀಕ್ಷೆ, ಸಮಯವಿಲ್ಲ ಎಂದು ಪ್ರತಿವರ್ಷವೂ ಹೊಸ ನೆಪ ಹುಡುಕಿದೆ. ಕನ್ನಡ ಸಂಘದ ವೇದಿಕೆಯಲ್ಲಿ ಭಾಷೆಯ ಉಳಿವಿನ ಬಗ್ಗೆ ಮಾತನಾಡಿ ಚಪ್ಪಾಳೆ ಪಡೆದದ್ದೂ ಅದೇ ವರ್ಷಗಳಲ್ಲಿ.

ಸಂಜೆ ಫೋರ್ಟ್ ಕೊಚ್ಚಿಯ ದಂಡೆಯಲ್ಲಿ ಚೀನಾಬಲೆಗಳನ್ನು ನೋಡುತ್ತ ಕುಳಿತೆವು. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದಿಂದ ಬಲೆ ಮೇಲೇಳುತ್ತದೆ. ನಾಲ್ಕಾರು ಜನ ಕೂಡಿ ಎಳೆಯುತ್ತಾರೆ, ಬಲೆಯಲ್ಲಿ ಹಿಡಿಯಷ್ಟು ಮೀನು, ಮತ್ತೆ ಇಳಿಸುತ್ತಾರೆ. ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ದೆಹಲಿಗೆ ಮರಳಿದ ಭಾನುವಾರ ಪುಸ್ತಕವನ್ನು ಹೊರತೆಗೆದೆ. ಮಗಳು ಬೆರಳಿಟ್ಟು, ಒತ್ತಕ್ಷರಗಳಲ್ಲಿ ಎಡವುತ್ತ, ನಾಲ್ಕು ಸಾಲು ದಾಟುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಐದನೆಯ ಸಾಲಿನ ಒಂದು ಪದದ ಅರ್ಥ ಕೇಳಿದಳು. ನನಗೂ ತಿಳಿದಿರಲಿಲ್ಲ. ಅಮ್ಮನನ್ನು ಕೇಳೋಣವೆಂದು ಬಾಯಿ ತೆರೆದವಳು, ಸುಮ್ಮನಾದೆ.

ಈಗ ಪ್ರತಿ ಭಾನುವಾರ ಕೂರುತ್ತೇವೆ. ಆ ಪದದ ಕೆಳಗೆ ಪೆನ್ಸಿಲಿನ ಗೆರೆ ಹಾಗೆಯೇ ಇದೆ.