ಮೂರನೆಯ ಹೊಟ್ಟೆ

ಕುದುರೆ ಏರಿ ಬರುವ ನೆಂಟ ಒಬ್ಬನೇ ಬರುವುದಿಲ್ಲ. ಜೊತೆಗೆ ಕುದುರೆ ಬರುತ್ತದೆ. ನೆಂಟ ಸ್ವಲ್ಪ ದೊಡ್ಡ ಮನುಷ್ಯನಾದರೆ ಕುದುರೆಯ ಹಿಂದೆ ಅದನ್ನು ನೋಡಿಕೊಳ್ಳುವ ಆಳೂ ಬರುತ್ತಾನೆ. ಮೋಟಾರು ಬರುವ ಮುಂಚಿನ ಕಾಲದಲ್ಲಿ ಅಮಲ್ದಾರರೋ, ಕಾಫಿ ತೋಟದ ದೊರೆಯೋ ಬಂದಿಳಿದರೆಂದರೆ ಮನೆಯವರು ಮೂರು ಹೊಟ್ಟೆಗಳ ಲೆಕ್ಕ ಹಾಕಬೇಕಿತ್ತು. ಆ ಮೂರರಲ್ಲಿ ಮೊದಲು ನೋಡಬೇಕಾದದ್ದು ಕುದುರೆಯ ಹೊಟ್ಟೆಯನ್ನು.

ಇದೇನು ಬರಿಯ ಕರುಣೆಯಲ್ಲ, ಲೆಕ್ಕಾಚಾರವೂ ಹೌದು. ಕುದುರೆ ಎತ್ತಿನ ಹಾಗಲ್ಲ. ಅದಕ್ಕೆ ಮೆಲುಕು ಹಾಕಲು ಬರುವುದಿಲ್ಲ, ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಲೂ ಆಗುವುದಿಲ್ಲ. ದಣಿದು ಬಂದದ್ದಕ್ಕೆ ಒಮ್ಮೆಲೇ ಕಾಳು ಸುರಿದರೆ ಹೊಟ್ಟೆನೋವಿನಿಂದ ಸತ್ತೇ ಹೋಗಬಹುದು. ಆದ್ದರಿಂದ ಮೊದಲು ಜೀನು ಬಿಚ್ಚಿ, ಬೆವರು ಆರುವವರೆಗೆ ಮೆಲ್ಲಗೆ ನಡೆಸಬೇಕು. ಒಣಹುಲ್ಲಿನಿಂದ ಮೈ ಉಜ್ಜಬೇಕು. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೇ ನೋಡಬೇಕು. ನೀರು, ಆಮೇಲೆ ಹುಲ್ಲು, ಸಾಕಷ್ಟು ಹೊತ್ತಿನ ಬಳಿಕ ನೆನೆಸಿದ ಹುರುಳಿ. ದಿನಕ್ಕೆ ಏನಿಲ್ಲೆಂದರೂ 25-30 ಲೀಟರು ನೀರು ಸೇದಿ ಹಾಕಬೇಕು. ಇಷ್ಟೆಲ್ಲ ಆಗದಿದ್ದರೆ ಮರುದಿನದ ಪಯಣವೇ ಇಲ್ಲ.

ಕೊಪ್ಪ, ನರಸಿಂಹರಾಜಪುರದ ಕಡೆಯ ಶೆಟ್ಟಿಕೊಪ್ಪದಂಥ ಊರುಗಳ ಸೀಮೆ ಕುದುರೆಗೆ ಹೇಳಿ ಮಾಡಿಸಿದ್ದಲ್ಲ. ಇಡೀ ಮಲೆನಾಡಿನಲ್ಲಿ ಮಳೆಗೆ ಅಂಜದೆ ನಿಂತ ಕುದುರೆ ಎಂದರೆ ಕುದುರೆಮುಖ ಬೆಟ್ಟವೊಂದೇ! ಜೀವವಿರುವ ಕುದುರೆಗೆ ತಿಂಗಳುಗಟ್ಟಲೆ ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಮೈಗೆ ನೊಣದ ಕಾಟ, ಕಾಲಿಗೆ ಇಂಬಳದ ಕಾಟ. ಅದು ತಿನ್ನುವ ಹುರುಳಿಯಾದರೋ ಮಳೆ ಕಡಿಮೆ ಇರುವ ಬಯಲುಸೀಮೆಯ ಬೆಳೆ. ಅದಕ್ಕೇ ಇಲ್ಲಿನ ಅಡಕೆ, ಮೆಣಸು, ಅಕ್ಕಿ ಘಟ್ಟ ಹತ್ತಿ ಇಳಿದದ್ದು ಹೇರೆತ್ತುಗಳ ಬೆನ್ನ ಮೇಲೆ. ಎತ್ತು ಮನೆಯ ಮಗ, ಕೊಟ್ಟಿಗೆಯಲ್ಲಿ ಅದಕ್ಕೊಂದು ಗೂಟ ಕಾಯಂ. ಕುದುರೆ ಮಾತ್ರ ಮಲೆನಾಡಿಗೆ ಎಂದೆಂದೂ ನೆಂಟನೇ. ನೆಂಟನೆಂದ ಮೇಲೆ ಉಪಚಾರ ತಪ್ಪುವಂತಿಲ್ಲ.

ಕುದುರೆಯ ಜೊತೆ ನೆಂಟರನ್ನು ಸಾಕುವುದನ್ನೇ ಕಸುಬು ಮಾಡಿಕೊಂಡ ದೇಶವೊಂದಿದೆ. ಅಮೆರಿಕದ ಡಕೋಟಾ ಸೀಮೆಯಲ್ಲಿ 1879ರಲ್ಲಿ ಈಟನ್ ಎಂಬ ಅಣ್ಣತಮ್ಮಂದಿರು ದನಕರು, ಕುದುರೆಗಳ ದೊಡ್ಡ ಹುಲ್ಲುಗಾವಲು ಮಾಡಿದರು. ಪೂರ್ವದ ಪಟ್ಟಣಗಳಿಂದ ಗೆಳೆಯರು ಬಂದರು, ಕುದುರೆ ಹತ್ತಿ ಸುತ್ತಿದರು, ವಾರಗಟ್ಟಲೆ ಉಂಡು ಮಲಗಿದರು. ಬಂದವರನ್ನೆಲ್ಲ ಬಿಟ್ಟಿ ಸಾಕುವುದು ಎಷ್ಟು ದಿನ? 1882ರ ಹೊತ್ತಿಗೆ ನೆಂಟರೇ ಸಂಕೋಚಪಟ್ಟು ಹಣ ಕೊಡಲು ಮುಂದಾದರು. ಅಲ್ಲಿಂದ ಬೆಳೆದ ವ್ಯವಹಾರ 1904ರಲ್ಲಿ ವಯೋಮಿಂಗ್ ಪ್ರಾಂತ್ಯಕ್ಕೆ ಹೋಗಿ ನೆಲೆಯಾಯಿತು. ಇಂಥ ತಾಣಗಳಿಗೆ ಅಲ್ಲಿ ಗೆಸ್ಟ್ ರಾಂಚ್ ಎನ್ನುತ್ತಾರೆ. ಸ್ವಂತ ಕುದುರೆಯನ್ನು ಗಾಡಿಯಲ್ಲಿ ಹೇರಿಕೊಂಡು ಬರುವವರಿಗಾಗಿ ಕೆಲವು ಕಡೆ ಲಾಯವೂ ಸಿದ್ಧ.

ನಮ್ಮ ಮಲೆನಾಡಿನ ಹೋಂಸ್ಟೇಗಳ ಕಥೆ ಇದರ ತಮ್ಮನಂತಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. 2000ದ ಆಸುಪಾಸಿನಲ್ಲಿ ಕಾಫಿಯ ಬೆಲೆಯೂ ನೆಲ ಕಚ್ಚಿತು. ಮಕ್ಕಳು ಬೆಂಗಳೂರು ಸೇರಿ ಮನೆಯ ಕೋಣೆಗಳು ಖಾಲಿಯಾದವು. ಆ ಕೋಣೆಗಳಿಗೆ ಸುಣ್ಣ ಬಳಿದು, ಕಡುಬು, ಅಕ್ಕಿರೊಟ್ಟಿ ಬಡಿಸಿ ನಾಲ್ಕು ಕಾಸು ಕಂಡರೆ ತಪ್ಪೇನು? ನೆಂಟರ ಹತ್ತಿರ ದುಡ್ಡು ಎಣಿಸಿಕೊಳ್ಳುವುದೇ ಎಂದು ಮೂಗು ಮುರಿದ ಹಿರಿಯರೂ ಮನೆ ನಡೆಯುವುದನ್ನು ಕಂಡು ಸುಮ್ಮನಾದರು.

ಆದರೆ ಹಳೆಯ ಲೆಕ್ಕದಲ್ಲೊಂದು ಬಾಬ್ತು ಎಲ್ಲೋ ಬಿಟ್ಟುಹೋಗಿದೆ. ಅಂಗಳಕ್ಕೆ ಈಗ ಬಂದು ನಿಲ್ಲುವುದು ಕಾರು. ಅದರ ಹೊಟ್ಟೆಯನ್ನು ಪೆಟ್ರೋಲ್ ಬಂಕಿನವರು ತುಂಬಿಸುತ್ತಾರೆ. ನೆಂಟರಿಗೆ ಮಂಚ, ಹಾಸಿಗೆ, ಹಂಡೆಯ ಬಿಸಿನೀರು. ಮೂರನೆಯ ಹೊಟ್ಟೆ? ಬಾಡಿಗೆ ಕಾರಿನ ಡ್ರೈವರ್ ಸಂಜೆ ಸಾಮಾನು ಇಳಿಸಿಕೊಟ್ಟು, ಕಾರನ್ನು ಹಲಸಿನ ಮರದ ಕೆಳಗೆ ನಿಲ್ಲಿಸಿ, ಸೀಟು ಹಿಂದಕ್ಕೆ ಚಾಚಿ ಮಲಗುತ್ತಾನೆ. ತಲೆಗೆ ಇಷ್ಟು ಎಂದು ಬಾಡಿಗೆ ಮಾತಾಡುವಾಗ ಅವನ ತಲೆಯನ್ನು ಎಣಿಸಿದವರು ಕಡಿಮೆ. ಅವನು ಅವರ ಕಡೆಯವನು ಎಂದು ಮನೆಯವರು ಅಂದುಕೊಂಡರೆ, ಅವನಿಗೆ ಇವರೇ ಏನಾದರೂ ಮಾಡಿಯಾರು ಎಂದು ನೆಂಟರು ಅಂದುಕೊಳ್ಳುತ್ತಾರೆ. ನಡುವೆ ಗಾಜು ಏರಿಸಿದರೆ ಸೆಕೆ, ಇಳಿಸಿದರೆ ಸೊಳ್ಳೆ.

ಮರುದಿನ ಬೆಳಿಗ್ಗೆ ಆಗುಂಬೆಯ 14 ತಿರುವುಗಳನ್ನು ಇಳಿಸಬೇಕಾದವನು ಅವನೇ. ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವರು, ತಮ್ಮೆಲ್ಲರ ಜೀವ ಅವನ ರಾತ್ರಿಯ ನಿದ್ದೆಯ ಮೇಲೆ ನಿಂತಿದೆಯೆಂದು ನೆನೆಯುವುದಿಲ್ಲ. ಕುದುರೆಯ ಕಾಲದವರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಕುಂಟಿದ ಕುದುರೆ ದಾರಿಯಲ್ಲೇ ನಿಂತು ಪಾಠ ಹೇಳುತ್ತಿತ್ತು. ಡ್ರೈವರ್ ಹಾಗೆ ನಿಲ್ಲಲಾರ. ತೂಕಡಿಕೆಯನ್ನು ನುಂಗಿಕೊಂಡು ಗಾಡಿ ಓಡಿಸುತ್ತಾನೆ.

ಇದಕ್ಕೆ ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ಜಗಲಿಯಲ್ಲೊಂದು ಮಂಚ, ಸೊಳ್ಳೆಪರದೆ, ಸ್ನಾನಕ್ಕೆ ನಾಲ್ಕು ತಂಬಿಗೆ ಬಿಸಿನೀರು, ನೆಂಟರ ಪಂಕ್ತಿಯಲ್ಲೇ ಒಂದು ಎಲೆ. ಕೋಣೆ ಗೊತ್ತುಮಾಡಲು ಫೋನು ಮಾಡುವಾಗ, ಊಟಕ್ಕೆ ಏನೇನಿದೆ, ಜಲಪಾತ ಎಷ್ಟು ದೂರ ಎಂದು ಕೇಳುವ ಮೊದಲು, “ನಮ್ಮ ಡ್ರೈವರ್ ಎಲ್ಲಿ ಮಲಗುತ್ತಾರೆ?” ಎಂದು ಕೇಳಿದರೆ ಸಾಕು. ಉತ್ತರ ಥಟ್ಟನೆ ಬಂದರೆ, ಧೈರ್ಯವಾಗಿ ಹೊರಡಬಹುದು. ಅದು ನೆಂಟರನ್ನು ಸಾಕಿ ಗೊತ್ತಿರುವ ಮನೆ.